ಬರ್ನ್ ಬೆಟ್ಟದ ನಾಯಿಗೆ ಎರಡನೆಯ ಮನೆ

‘ನಾಯಿಪಾಡು’ ಎಂಬ ಮಾತು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದಷ್ಟೆ. ಮನುಷ್ಯನಿಗೆ ಒದಗಿದ ಹೀನಸ್ಥಿತಿಯನ್ನು ಬಣ್ಣಿಸುವಾಗ ನಾವು ಆ ಮಾತನ್ನು ಆಡುತ್ತೇವೆಯೇ ಹೊರತು, ನಾಯಿಗೇ ಅಂಥ ಪಾಡು ಬಂದರೆ ಏನಾಗುವುದೆಂದು ಯೋಚಿಸುವವರು ವಿರಳ. ಬೀದಿಯ ನಾಯಿಯ ಕಷ್ಟವಾದರೂ ನಾಲ್ವರ ಕಣ್ಣಿಗೆ ಬೀಳುತ್ತದೆ. ವಂಶಾವಳಿಯುಳ್ಳ, ಹೆಚ್ಚು ಬೆಲೆ ಬಾಳುವ, ದಾರಿಹೋಕರು ನಿಂತು ನೋಡುವಂಥ ಚೆಲುವಿನ ನಾಯಿಗೂ ಅದೇ ಪಾಡು ಬರುವುದುಂಟೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಬರ್ನೀಸ್ ಬೆಟ್ಟನಾಯಿಯ ಕಥೆ ಅಂಥದು. ಅಮೆರಿಕದಲ್ಲಿ ಈ ಜಾತಿಯ ನಾಯಿಗಳು ಹೇಗೆ ಕಷ್ಟಕ್ಕೆ ಸಿಕ್ಕುತ್ತವೆ, ಅವುಗಳನ್ನು ಬಿಡಿಸಿ ತಂದವರು ಹೇಗೆ ಕೆಲಕಾಲ ಪೋಷಿಸಿ ಹೊಸ ಮನೆಗೆ ಸೇರಿಸುತ್ತಾರೆ, ಆ ಕೆಲಸಕ್ಕೆ ವಿಜ್ಞಾನವು ಯಾವ ಬೆಳಕನ್ನು ಕೊಟ್ಟಿದೆ ಎಂಬುದನ್ನು ಇಲ್ಲಿ ನೋಡೋಣ.

ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಈ ನಾಯಿ ರೈತನ ಕೈಯಾಳಾಗಿದ್ದಿತು. ಅಂಗಳವನ್ನು ಕಾಯುವುದು, ದನಗಳನ್ನು ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವುದು, ಹಾಲಿನ ಪಾತ್ರೆಗಳನ್ನು ಹೇರಿದ ಚಿಕ್ಕ ಗಾಡಿಯನ್ನು ಗಿಣ್ಣಿನ ಕಾರ್ಖಾನೆಗೆ ಎಳೆಯುವುದು ಇದರ ಕೆಲಸ. (‘ಗಿಣ್ಣು’ ಎಂದರೆ ಇಲ್ಲಿ ನಮ್ಮ ಹಸು ಈದಾಗ ಮಾಡುವ ಗಿಣ್ಣಲ್ಲ, ಚೀಸು.) ರಿಗ್ಗಿಸ್‌ಬರ್ಗ್ ಊರಿನ ಬಳಿ ಡ್ಯೂರ್‌ಬಾಕ್ ಎಂಬಲ್ಲಿದ್ದ ಹೋಟೆಲಿನ ಸುತ್ತಮುತ್ತ ಇವು ಹೆಚ್ಚಾಗಿ ಕಾಣುತ್ತಿದ್ದುದರಿಂದ ಮೊದಮೊದಲು ಜನ ಇವನ್ನು ‘ಡ್ಯೂರ್‌ಬಾಕಿನ ನಾಯಿ’ ಎಂದೇ ಕರೆದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಳಿಯು ಅಳಿಯುವ ಹಂತಕ್ಕೆ ಬಂದಿದ್ದಾಗ, 1892ರಲ್ಲಿ ಬರ್ಗ್‌ಡಾರ್ಫ್ ಊರಿನ ಫ್ರಾಂಜ್ ಶೆರ್ಟನ್‌ಲೈಬ್ ಎಂಬಾತ ಹಳ್ಳಿಹಳ್ಳಿ ಸುತ್ತಿ ಒಳ್ಳೆಯ ನಾಯಿಗಳನ್ನು ಹುಡುಕತೊಡಗಿದನು. 1907ರಲ್ಲಿ ಇವುಗಳಿಗೆಂದೇ ಒಂದು ಸಂಘ ಹುಟ್ಟಿತು. ಜ್ಯೂರಿಕ್‌ನ ಪ್ರಾಧ್ಯಾಪಕ ಆಲ್ಬರ್ಟ್ ಹೈಮ್ ಈ ನಾಯಿಗಳ ಪರವಾಗಿ ಬರೆದು, ಮಾತನಾಡಿ, ಅವುಗಳಿಗೆ ಮರ್ಯಾದೆ ತಂದುಕೊಟ್ಟನು. ಹೈಮ್ ವೃತ್ತಿಯಿಂದ ಭೂವಿಜ್ಞಾನಿ, ಆಲ್ಪ್ಸ್ ಪರ್ವತಗಳ ಮಡಿಕೆಗಳನ್ನು ಅಧ್ಯಯನ ಮಾಡಿ ಹೆಸರಾದವನು. ಬಂಡೆಗಳ ಪಂಡಿತನೊಬ್ಬನು ನಾಯಿಗಳಿಗೂ ಅಷ್ಟು ಹೊತ್ತು ಕೊಟ್ಟುದು ಆ ಕಾಲದ ವಿದ್ವಾಂಸರ ಕುತೂಹಲ ಎಷ್ಟು ವಿಶಾಲವಾಗಿದ್ದಿತೆಂಬುದಕ್ಕೆ ಸಾಕ್ಷಿ.

ಮೈಯೆಲ್ಲ ಕಡುಗಪ್ಪು, ಎದೆಯ ಮೇಲೆ ಬಿಳಿ, ಕೆನ್ನೆಯಲ್ಲಿಯೂ ಕಾಲುಗಳಲ್ಲಿಯೂ ತುಕ್ಕಿನ ಕೆಂಪು, ಹೀಗೆ ಮೂರು ಬಣ್ಣ. ಗಂಡು ನಾಯಿ ಭುಜದವರೆಗೆ 64ರಿಂದ 70 ಸೆಂಟಿಮೀಟರು ಎತ್ತರ ಬೆಳೆಯುವುದು. ತೂಕ ಐವತ್ತು ಕಿಲೋಗ್ರಾಮನ್ನು ಮುಟ್ಟುವುದೂ ಉಂಟು. ಇಷ್ಟು ದೊಡ್ಡ ದೇಹವಿದ್ದರೂ ಸ್ವಭಾವ ಸೌಮ್ಯ. 1937ರಲ್ಲಿ ಅಮೆರಿಕದ ಕೆನಲ್ ಕ್ಲಬ್ಬು ಈ ತಳಿಯನ್ನು ಅಂಗೀಕರಿಸಿತು. ಆಮೇಲೆ ಅಲ್ಲಿಯ ಜನ ಇದಕ್ಕೆ ಮನಸೋತರು. ಮನಸೋತದ್ದೇ ಕಷ್ಟಕ್ಕೆ ಮೂಲವಾಯಿತು. ಏಕೆಂದರೆ ಬೇಡಿಕೆಯಿದ್ದಲ್ಲಿ ಬೆಲೆ, ಬೆಲೆಯಿದ್ದಲ್ಲಿ ವ್ಯಾಪಾರ.

ಪಂಜರದ ಲೆಕ್ಕ

ಅಮೆರಿಕದ ಮಧ್ಯಪಶ್ಚಿಮ ಸಂಸ್ಥಾನಗಳಲ್ಲಿ ನಾಯಿಮರಿಗಳನ್ನು ಕೋಳಿಮರಿಗಳಂತೆ ಸಗಟಾಗಿ ಉತ್ಪಾದಿಸುವ ಸ್ಥಳಗಳಿವೆ. ಇವು ಕಾನೂನಿಗೆ ಹೊರತಾದುವೆಂದು ತಿಳಿಯಬಾರದು. 1966ರಲ್ಲಿ ಪ್ರಯೋಗಶಾಲೆಯ ಪ್ರಾಣಿಗಳಿಗಾಗಿ ಆದ ಕಾಯಿದೆಯನ್ನು 1970ರಲ್ಲಿ ತಿದ್ದಿ ಇಂಥ ಸಾಕಣೆಗಾರರಿಗೂ ಅನ್ವಯಿಸಲಾಯಿತು. ಅವರಿಗೆ ಸರಕಾರದ ಪರವಾನಗಿ ಉಂಟು, ತಪಾಸಣೆ ಉಂಟು. ಆದರೆ ಕಾನೂನು ಬೇಡುವುದು ಕನಿಷ್ಠ ಅನುಕೂಲವನ್ನು ಮಾತ್ರ. ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದವನ್ನು ಅಂಗುಲಗಳಲ್ಲಿ ಅಳೆದು, ಅದಕ್ಕೆ 6 ಸೇರಿಸಿ, ಬಂದುದನ್ನು ಅದರಿಂದಲೇ ಗುಣಿಸಿದರೆ ಎಷ್ಟೋ ಅಷ್ಟು ಚದರ ಅಂಗುಲ ನೆಲವನ್ನು ಕೊಡಬೇಕು. ಬರ್ನೀಸ್ ನಾಯಿಯ ಉದ್ದ 40 ಅಂಗುಲವೆಂದು ಇಟ್ಟುಕೊಳ್ಳೋಣ. 46ನ್ನು 46ರಿಂದ ಗುಣಿಸಿದರೆ 2116. ಅಂದರೆ ಹದಿನೈದು ಚದರ ಅಡಿಗೂ ಕಡಿಮೆ. ನಾಲ್ಕು ಅಡಿ ಚೌಕವೂ ಇಲ್ಲದ ಆ ಜಾಗದಲ್ಲಿ ಹೆಣ್ಣುನಾಯಿಯು ವರ್ಷಗಟ್ಟಲೆ ಇದ್ದು ಸೂಲಿನ ಮೇಲೆ ಸೂಲು ಮರಿಹಾಕಿದರೂ ನೆಲದ ಲೆಕ್ಕದಲ್ಲಿ ನಿಯಮಭಂಗವಿಲ್ಲ. 2010ರಲ್ಲಿ ಮಿಸೂರಿ ಸಂಸ್ಥಾನದ ಮತದಾರರು ಒಬ್ಬ ಸಾಕಣೆಗಾರನ ಬಳಿ ತಳಿಯ ನಾಯಿಗಳು ಐವತ್ತಕ್ಕಿಂತ ಹೆಚ್ಚಿರಬಾರದೆಂದು ಮತ ಕೊಟ್ಟರು. ಮರುವರ್ಷವೇ ಅಲ್ಲಿಯ ಶಾಸನಸಭೆಯು ಆ ಮಿತಿಯನ್ನು ತೆಗೆದುಹಾಕಿತು.

ಮರಿಹಾಕುವ ಶಕ್ತಿ ಕುಂದಿದ ತಾಯಿನಾಯಿಗಳನ್ನೂ, ವ್ಯಾಪಾರ ಮುಚ್ಚುವವರ ನಾಯಿಗಳನ್ನೂ ಹರಾಜಿನಲ್ಲಿ ಮಾರುವ ಪದ್ಧತಿ ಅಲ್ಲಿ ಬೆಳೆಯಿತು. ನಮ್ಮ ದನದ ಜಾತ್ರೆಗಳಲ್ಲಿ ಹಲ್ಲು ಹಿಡಿದು ನೋಡಿದಂತೆ ನೋಡಿ ಕೊಳ್ಳುತ್ತಾರೆ. ಈ ಹರಾಜುಗಳಲ್ಲಿ ನಾಯಿಗಳನ್ನು ಉಳಿಸುವ ಸಂಘದವರೂ ಕುಳಿತು ಬೆಲೆ ಕೂಗತೊಡಗಿದರು. ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಹಣ ಕೊಟ್ಟು ಬಿಡಿಸಿದರೆ ಕಣ್ಣೆದುರಿನ ನಾಯಿ ಉಳಿಯುತ್ತದೆ. ಆದರೆ ಆ ಹಣವು ಸಾಕಣೆಗಾರನ ಕೈ ಸೇರಿ ಮತ್ತೊಂದು ನಾಯಿಯನ್ನು ಪಂಜರಕ್ಕೆ ತಾರದೆ? 2018ರಲ್ಲಿ ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯು ವಿಚಾರಿಸಿ ಪ್ರಕಟಿಸಿದ ವರದಿಯಂತೆ, 2009ರಿಂದ ಅಂದಿನವರೆಗೆ ಇಂಥ ಸಂಘಗಳಿಗೆ ಸೇರಿದವರು ಹರಾಜುಗಳಲ್ಲಿ 26 ಲಕ್ಷ ಡಾಲರಿಗೂ ಮಿಕ್ಕಿ ವೆಚ್ಚಮಾಡಿ ಐದು ಸಾವಿರಕ್ಕೂ ಹೆಚ್ಚು ನಾಯಿಗಳನ್ನು ಕೊಂಡಿದ್ದರು. ಕೆಲವು ಸಂಘಗಳು ಇದನ್ನು ಸಮರ್ಥಿಸಿಕೊಂಡುವು, ಕೆಲವು ಖಂಡಿಸಿದುವು. ನಮಗೆ ತೋರುವ ಮಟ್ಟಿಗೆ, ಮುದಿಯಾದ ಇಲ್ಲವೆ ರೋಗಿಷ್ಠ ನಾಯಿಗೆ ಅಲ್ಪ ಬೆಲೆ ಕೊಟ್ಟು ಬಿಡಿಸುವುದು ಒಂದು ಮಾತು, ಎಳೆಯ ನಾಯಿಗಾಗಿ ಇತರ ಸಾಕಣೆಗಾರರೊಡನೆ ಪೈಪೋಟಿಯಿಂದ ಬೆಲೆ ಏರಿಸುವುದು ಬೇರೆಯೇ ಮಾತು. ಎರಡನೆಯದರಲ್ಲಿ ವ್ಯಾಪಾರಿಗೆ ಲಾಭವೇ ಹೊರತು ನಷ್ಟವಿಲ್ಲ.

ಎಲ್ಲ ನಾಯಿಗಳೂ ಪಂಜರದಿಂದಲೇ ಬರುವುವೆಂದಲ್ಲ. ಯಜಮಾನ ಸತ್ತುದು, ವಿವಾಹವಿಚ್ಛೇದನ, ಬಾಡಿಗೆಮನೆಯವನ ನಿಷೇಧ, ಎಂಟು ವಾರದ ಮುದ್ದುಮರಿ ಒಂದೇ ವರ್ಷದಲ್ಲಿ ನಲವತ್ತು ಕಿಲೋ ತೂಗುವುದೆಂದು ತಿಳಿಯದೆ ಕೊಂಡವರ ಬೇಸರ, ಇವೂ ಕಾರಣಗಳೇ. ಅಂಥ ನಾಯಿಗಳಿಗೆ ಮನೆಯೆಂದರೇನೆಂದು ಗೊತ್ತಿರುವುದರಿಂದ ಕೆಲಸ ಸುಲಭ. ಪಂಜರದಿಂದ ಬಂದ ನಾಯಿಯ ವಿಷಯವೇ ಬೇರೆ.

ಭಯದ ಬೇರು

ನಾಯಿಮರಿಯು ಮನುಷ್ಯನಿಗೆ ಹೊಂದಿಕೊಳ್ಳುವುದು ಹುಟ್ಟಿನಿಂದಲೇ ಬಂದ ಗುಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಅರ್ಧಸತ್ಯ. ಅಮೆರಿಕದ ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಡೆಸಿದ ಅಧ್ಯಯನದಿಂದ ತಿಳಿದುಬಂದುದೇನೆಂದರೆ, ಮರಿಯ ಜೀವನದಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಒಂದು ಸೂಕ್ಷ್ಮಕಾಲವಿದೆ. ಆಗ ಅದು ಯಾರನ್ನು ಕಂಡು, ಮೂಸಿ, ಆಡಿ ಬೆಳೆಯುವುದೋ ಅವರೇ ಅದರ ಬಳಗ. 1961ರಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ಮೂವರು ಅಲ್ಲಿಯೇ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಮರಿಗಳನ್ನು ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಬೇರೆಬೇರೆ ವಯಸ್ಸಿನಲ್ಲಿ ಒಂದೊಂದು ಗುಂಪನ್ನು ಒಂದು ವಾರದ ಮಟ್ಟಿಗೆ ಮನುಷ್ಯರೊಡನೆ ಬಿಟ್ಟರು. ಹದಿನಾಲ್ಕು ವಾರದವರೆಗೂ ಮನುಷ್ಯರ ಸಹವಾಸವೇ ಇಲ್ಲದ ಮರಿಗಳು ಕಾಡುಮೃಗಗಳಂತೆ ಬೆದರುತ್ತಿದ್ದುವು; ಆಮೇಲೆ ಎಷ್ಟು ಪಳಗಿಸಿದರೂ ಆ ಬೆದರಿಕೆ ಪೂರ್ತಿಯಾಗಿ ಹೋಗಲಿಲ್ಲ.

ಪಂಜರದಲ್ಲಿಯೇ ಹುಟ್ಟಿ ಬೆಳೆದ ನಾಯಿಗೆ ಈ ಸೂಕ್ಷ್ಮಕಾಲವು ಬರಿದಾಗಿ ಕಳೆದುಹೋಗಿರುತ್ತದೆ. ಹುಲ್ಲಿನ ಮೇಲೆ ಕಾಲಿಟ್ಟು ಅದಕ್ಕೆ ಅಭ್ಯಾಸವಿಲ್ಲ. ಮೆಟ್ಟಿಲೆಂದರೆ ಕಂದಕ. ಪಾತ್ರೆ ಬಿದ್ದ ಸದ್ದು, ಕಸ ಗುಡಿಸುವ ಯಂತ್ರ, ಬಾಗಿಲು ತೆರೆದು ಒಳಗೆ ಬರುವ ಗಂಡಸು, ಎಲ್ಲವೂ ಅದಕ್ಕೆ ಮೃತ್ಯುವೇ. 2011ರಲ್ಲಿ ಮ್ಯಾಕ್‌ಮಿಲನ್ ಮತ್ತು ಅವರ ಸಂಗಡಿಗರು ಹೀಗೆ ವ್ಯಾಪಾರದ ಸಾಕಣೆಯಿಂದ ಬಿಡುಗಡೆಯಾಗಿ ಮನೆ ಸೇರಿದ 1169 ನಾಯಿಗಳ ವಿಚಾರವನ್ನು ಅವುಗಳ ಯಜಮಾನರಿಂದ ಪ್ರಶ್ನಾವಳಿಯ ಮೂಲಕ ಸಂಗ್ರಹಿಸಿ, ಸಾಮಾನ್ಯ ಸಾಕುನಾಯಿಗಳೊಡನೆ ಹೋಲಿಸಿ ನೋಡಿದರು. ಬಿಡುಗಡೆಯಾದ ನಾಯಿಗಳಲ್ಲಿ ಭಯ ಹೆಚ್ಚು, ಮನೆಯೊಳಗೆ ಹೊಲಸು ಮಾಡುವುದು ಹೆಚ್ಚು, ಶೂನ್ಯವನ್ನು ದಿಟ್ಟಿಸುತ್ತ ನಿಲ್ಲುವುದು ಹೆಚ್ಚು. ಕಲಿಯುವ ಚುರುಕು ಕಡಿಮೆ. ಆದರೆ ಅಪರಿಚಿತರ ಮೇಲೆ ಏರಿಹೋಗುವ ಕೋಪವು ಮಾತ್ರ ಇತರ ನಾಯಿಗಳಿಗಿಂತ ಕಡಿಮೆಯೇ. ಎಷ್ಟೊಂದು ಕಷ್ಟಪಟ್ಟ ಪ್ರಾಣಿಯು ಕಚ್ಚುವುದಕ್ಕಿಂತ ಹೆಚ್ಚಾಗಿ ಮುದುರಿ ಕೂರುತ್ತದೆಂಬುದು ಮನಸ್ಸನ್ನು ಕಲಕುವ ಸಂಗತಿ.

‘ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ’ ಎಂದು ನಮ್ಮ ಗಾದೆ. ಹಾಗಾದರೆ ಇಂಥ ನಾಯಿಯ ಸ್ವಭಾವವನ್ನು ತಿದ್ದುವುದು ಸಾಧ್ಯವೆ? ಪೂರ್ತಿ ಸಾಧ್ಯವಿಲ್ಲದಿದ್ದರೂ ಬಹುಮಟ್ಟಿಗೆ ಸಾಧ್ಯವೆಂದೇ ಅನುಭವಸ್ಥರ ಮಾತು. ಆದರೆ ಅದು ನಾಯಿಗಳ ಆಶ್ರಯಶಾಲೆಯಲ್ಲಿ ಆಗುವ ಕೆಲಸವಲ್ಲ. ಕಾರಣವನ್ನು ರಕ್ತವೇ ಹೇಳುತ್ತದೆ. ಪ್ರಾಣಿಗೆ ಭಯವಾದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯು ಕಾರ್ಟಿಸಾಲ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಓಡುವುದಕ್ಕೋ ಹೋರಾಡುವುದಕ್ಕೋ ಬೇಕಾದ ಸಕ್ಕರೆಯನ್ನು ಇದು ಒದಗಿಸುವುದು. ಆದರೆ ಅದು ದಿನಗಟ್ಟಲೆ ಏರಿಯೇ ಇದ್ದರೆ ರೋಗನಿರೋಧಕ ಶಕ್ತಿ ಕುಂದುವುದು. 1997ರಲ್ಲಿ ಹೆನೆಸಿ ಮತ್ತು ಸಂಗಡಿಗರು ಒಹಾಯೋ ಸಂಸ್ಥಾನದ ಒಂದು ಆಶ್ರಯಶಾಲೆಯಲ್ಲಿ ಅಳೆದಾಗ, ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಮೊದಲ ಮೂರು ದಿನ ಈ ರಸವು ಮನೆಯಲ್ಲಿರುವ ನಾಯಿಗಳದಕ್ಕಿಂತ ಸುಮಾರು ಮೂರು ಪಟ್ಟು ಇದ್ದಿತು. 2019ರಲ್ಲಿ ಗಂಟರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಐದು ಆಶ್ರಯಶಾಲೆಗಳ 207 ನಾಯಿಗಳನ್ನು ಒಂದೆರಡು ರಾತ್ರಿಯ ಮಟ್ಟಿಗೆ ಯಾರದಾದರೂ ಮನೆಗೆ ಕಳುಹಿಸಿ, ಹೋಗುವ ಮುಂಚೆ, ಮನೆಯಲ್ಲಿದ್ದಾಗ, ಮರಳಿದ ಮೇಲೆ, ಹೀಗೆ ಅವುಗಳ ಮೂತ್ರವನ್ನು ಪರೀಕ್ಷಿಸಿದರು. ಮನೆಯಲ್ಲಿದ್ದಾಗ ಕಾರ್ಟಿಸಾಲ್ ಇಳಿಯಿತು, ನಿದ್ದೆ ದೀರ್ಘವಾಯಿತು. ಮರಳಿದ ಮೇಲೆ ಅದು ಹಿಂದಿನ ಮಟ್ಟಕ್ಕೇ ಏರಿತೇ ಹೊರತು ಅದಕ್ಕಿಂತ ಮೇಲೆ ಹೋಗಲಿಲ್ಲ. ಒಂದು ರಾತ್ರಿಯ ಮನೆವಾಸಕ್ಕೇ ಇಷ್ಟು ಗುಣವಿದ್ದರೆ ಎರಡು ಮೂರು ತಿಂಗಳ ಪೋಷಣೆಯ ಗುಣವೆಷ್ಟಿರಬಹುದೆಂದು ವಾಚಕರೇ ಊಹಿಸಬಹುದು.

ಪೋಷಕರ ಮನೆಯಲ್ಲಿ

ಪೋಷಕರೆಂದರೆ ನಾಯಿಯನ್ನು ತಮ್ಮದಾಗಿ ಮಾಡಿಕೊಳ್ಳುವವರಲ್ಲ. ಅದಕ್ಕೆ ಶಾಶ್ವತವಾದ ಮನೆ ದೊರೆಯುವವರೆಗೆ ನೋಡಿಕೊಳ್ಳುವವರು. ಬಹುಮಂದಿ ಗೃಹಸ್ಥರೇ, ಆಹಾರವೂ ಆರೈಕೆಯೂ ಅವರದು, ವೈದ್ಯರ ವೆಚ್ಚವನ್ನು ಸಾಮಾನ್ಯವಾಗಿ ಸಂಘವು ಭರಿಸುವುದು. ದೂರದ ಊರಿನಿಂದ ನಾಯಿಯನ್ನು ತರುವಾಗ ಒಬ್ಬೊಬ್ಬ ಸ್ವಯಂಸೇವಕನು ಐವತ್ತು ನೂರು ಮೈಲಿ ಕಾರು ನಡೆಸಿ ಮುಂದಿನವನಿಗೆ ಒಪ್ಪಿಸುವ ಅಂಚೆಯಾಟದ ಕ್ರಮವೂ ಉಂಟು.

ಬಂದ ಮೊದಲ ದಿನಗಳಲ್ಲಿ ಪೋಷಕನು ಮಾಡಬೇಕಾದುದಕ್ಕಿಂತ ಮಾಡದಿರಬೇಕಾದುದೇ ಹೆಚ್ಚು. ಮುದ್ದಿಸಬಾರದು, ಬಂಧುಗಳನ್ನು ಕರೆದು ತೋರಿಸಬಾರದು, ನೇರವಾಗಿ ಕಣ್ಣಿಟ್ಟು ನೋಡಬಾರದು. ಮೂಲೆಯೊಂದರಲ್ಲಿ ಹಾಸಿಗೆ, ಹತ್ತಿರದಲ್ಲಿ ನೀರು, ತನ್ನ ಪಾಡಿಗೆ ತಾನು ಪುಸ್ತಕ ಓದುತ್ತ ನೆಲದ ಮೇಲೆ ಕುಳಿತ ಒಬ್ಬ ಮನುಷ್ಯ, ಇಷ್ಟೇ ಸಾಕು. ಮನೆಯಲ್ಲಿ ಧೈರ್ಯವುಳ್ಳ ಇನ್ನೊಂದು ನಾಯಿಯಿದ್ದರೆ ಅದೇ ದೊಡ್ಡ ಉಪಾಧ್ಯಾಯ. ಅದು ಮೆಟ್ಟಿಲು ಹತ್ತುವುದನ್ನೂ, ಕೈಯಿಂದ ತಿಂಡಿ ತಿನ್ನುವುದನ್ನೂ ನೋಡಿ ನೋಡಿ ಹೊಸದು ಕಲಿಯುತ್ತದೆ. ಅತಿ ದೊಡ್ಡ ಅಪಾಯವು ಓಡಿಹೋಗುವುದು. ಬೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕೊರಳಪಟ್ಟಿಯಿಂದ ತಲೆ ನುಸುಳಿಬಿಡುವುದು. ಹೆಸರಿಗೆ ಓಗೊಡಲು ಅದಕ್ಕೆ ಹೆಸರೇ ಗೊತ್ತಿಲ್ಲ! ಆದುದರಿಂದ ಬೇಲಿಯಿರುವ ಹಿತ್ತಿಲಿನಲ್ಲಿಯೂ ಹಗ್ಗ ಹಿಡಿದೇ ಇರುತ್ತಾರೆ. ಕೊರಳಪಟ್ಟಿಗೆ ಒಂದು, ಎದೆಕಟ್ಟಿಗೆ ಒಂದು, ಹೀಗೆ ಎರಡು ಹಗ್ಗ ಹಾಕುವುದೂ ಉಂಟು.

ನಾಯಿಯ ಮೈಯನ್ನೂ ಈ ಕಾಲದಲ್ಲಿಯೇ ಸರಿಪಡಿಸಬೇಕು. ಲಸಿಕೆ, ಹಲ್ಲಿನ ಚಿಕಿತ್ಸೆ, ಗರ್ಭಕೋಶದ ಶಸ್ತ್ರಕ್ರಿಯೆ ಮುಂತಾದುವು ಬೇಗ ಮುಗಿಯುತ್ತವೆ. ಸಹನೆಯನ್ನು ಪರೀಕ್ಷಿಸುವುದು ಹೃದಯದ ಹುಳುವಿನ ರೋಗ. ಸೊಳ್ಳೆಯು ರೋಗಿಯಾದ ನಾಯಿಯನ್ನು ಕಚ್ಚಿದಾಗ ಕಣ್ಣಿಗೆ ಕಾಣದ ಎಳೆಹುಳುಗಳನ್ನು ಹೀರಿಕೊಂಡು, ಇನ್ನೊಂದು ನಾಯಿಗೆ ದಾಟಿಸುವುದು. ಅವು ಆರೇಳು ತಿಂಗಳಲ್ಲಿ ಬೆಳೆದು ಶ್ವಾಸಕೋಶಕ್ಕೆ ಹೋಗುವ ರಕ್ತನಾಳಗಳಲ್ಲಿಯೂ, ಹೆಚ್ಚಾದರೆ ಹೃದಯದ ಬಲಭಾಗದಲ್ಲಿಯೂ ನೆಲಸುತ್ತವೆ. ಹೆಣ್ಣುಹುಳುವು ಒಂದು ಗೇಣಿಗಿಂತ ಉದ್ದ. ಇದಕ್ಕೆ ಔಷಧವುಂಟು: ಮೆಲಾರ್ಸೊಮಿನ್ ಎಂಬ ಪಾಷಾಣಮಿಶ್ರಿತ ಮದ್ದನ್ನು ಸೊಂಟದ ಸ್ನಾಯುವಿಗೆ ಚುಚ್ಚುತ್ತಾರೆ. ಮೊದಲು ಒಂದು ತಿಂಗಳು ಡಾಕ್ಸಿಸೈಕ್ಲಿನ್ ಗುಳಿಗೆ. ಅಮೆರಿಕದಲ್ಲಿ ಪ್ರಚಲಿತವಿರುವ ಕ್ರಮದಂತೆ 60ನೆಯ ದಿನ ಒಂದು ಚುಚ್ಚುಮದ್ದು, 90 ಮತ್ತು 91ನೆಯ ದಿನ ಮತ್ತೆರಡು. ಆದರೆ ಅಪಾಯವಿರುವುದು ಹುಳು ಬದುಕಿದ್ದಾಗ ಮಾತ್ರವಲ್ಲ, ಸತ್ತ ಮೇಲೂ. ಸತ್ತ ಹುಳುವಿನ ಚೂರುಗಳು ರಕ್ತದೊಡನೆ ಸಾಗಿ ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ದೇಹವು ಅವನ್ನು ಮೆಲ್ಲನೆ ಕರಗಿಸಿಬಿಡಬಲ್ಲುದು. ಆದರೆ ನಾಯಿ ಓಡಿದರೆ, ಕುಣಿದರೆ, ಬೆದರಿ ಒದ್ದಾಡಿದರೆ ಹೃದಯವು ಬಲವಾಗಿ ರಕ್ತವನ್ನು ನೂಕಿ ನಾಳಗಳು ಕಟ್ಟಿಕೊಂಡು ಪ್ರಾಣವೇ ಹೋದೀತು. ಹೀಗಾಗಿ ನಲವತ್ತು ಕಿಲೋ ತೂಕದ ಪ್ರಾಣಿಯನ್ನು ತಿಂಗಳುಗಟ್ಟಲೆ ಓಡಗೊಡದೆ, ಬೊಗಳಗೊಡದೆ, ಬೇಸರವಾಗದಂತೆಯೂ ನೋಡಿಕೊಳ್ಳಬೇಕು. ನೂರು ನಾಯಿಗಳು ಬೊಗಳುವ ಆಶ್ರಯಶಾಲೆಯಲ್ಲಿ ಇದು ಎಂತಾದೀತು?

ಈ ತಳಿಗೆ ವಿಶೇಷವಾಗಿ ಅಂಟಿಬಂದ ಕೇಡುಗಳೂ ಇವೆ. ಸೊಂಟದ ಕೀಲೂ ಮುಂಗಾಲ ಕೀಲೂ ಸರಿಯಾಗಿ ಕೂಡದಿರುವುದು ಒಂದು. ಆಳವಾದ ಎದೆಯಿರುವ ನಾಯಿಗಳಲ್ಲಿ ಜಠರವು ಗಾಳಿ ತುಂಬಿ ತಿರುಚಿಕೊಳ್ಳುವುದು ಇನ್ನೊಂದು. ಗಂಟೆಗಳೊಳಗೆ ಶಸ್ತ್ರಕ್ರಿಯೆಯಾಗದಿದ್ದರೆ ನಾಯಿ ಉಳಿಯದು. ಎಲ್ಲಕ್ಕಿಂತ ಕ್ರೂರವಾದುದು ಹಿಸ್ಟಿಯೊಸೈಟಿಕ್ ಸಾರ್ಕೋಮ ಎಂಬ ಏಡಿಗಂತಿ. ಅನೇಕ ತಳಿಗಳಲ್ಲಿ ಅಪರೂಪವಾದ ಈ ರೋಗಕ್ಕೆ ಬರ್ನೀಸ್ ನಾಯಿಗಳಲ್ಲಿ ಸುಮಾರು ಕಾಲುಭಾಗ ತುತ್ತಾಗುತ್ತವೆ. ಕೆಲವೇ ಮೂಲನಾಯಿಗಳಿಂದ ತಳಿಯನ್ನು ಕಟ್ಟಿದುದರ ಫಲವಿದು: ಕೇಡಿನ ಜೀನು ಎಲ್ಲರ ಮನೆಗೂ ಹಂಚಿಹೋಯಿತು. 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನಾಯಿಯ 11ನೆಯ ವರ್ಣತಂತುವಿನ ಒಂದು ಭಾಗಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿತು. ಆದರೆ ಆ ಭಾಗವು ಆರೋಗ್ಯವಂತ ನಾಯಿಗಳಲ್ಲಿಯೂ ಬಹಳವಾಗಿ ಇರುವುದರಿಂದ ಅದನ್ನು ತಳಿಯಿಂದ ಬೇರ್ಪಡಿಸುವುದು ಸುಲಭವಲ್ಲ. ಈ ಎಲ್ಲ ಕಾರಣಗಳಿಂದ ಬರ್ನೀಸ್ ನಾಯಿಯ ಆಯುಸ್ಸು ಸರಾಸರಿ ಏಳೆಂಟು ವರ್ಷ ಮಾತ್ರ.

ಈ ಅಂಕೆಯನ್ನು ಸ್ವಲ್ಪ ನಿಂತು ಯೋಚಿಸಬೇಕು. ಹರಾಜಿನಿಂದ ಬಂದ ತಾಯಿನಾಯಿಗೆ ಐದು ವರ್ಷವೆಂದುಕೊಂಡರೆ ಅದಕ್ಕೆ ಉಳಿದಿರುವುದು ಎರಡು ಮೂರು ವರ್ಷ. ಅದರಲ್ಲಿ ಆರು ತಿಂಗಳು ಹುಳುವಿನ ಚಿಕಿತ್ಸೆಗೆ, ಮನುಷ್ಯರ ಕೈಯನ್ನು ನಂಬುವುದಕ್ಕೆ ಕಳೆದುಹೋದರೆ ಬಾಕಿಯೆಷ್ಟು? ಇಷ್ಟಕ್ಕಾಗಿ ಇಷ್ಟೊಂದು ಶ್ರಮವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ಅಸಂಗತವೇನಲ್ಲ. ಅದೇ ಹಣದಿಂದ ಹೆಚ್ಚು ಸಂಖ್ಯೆಯ ಬೇರೆ ನಾಯಿಗಳನ್ನು ಉಳಿಸಬಹುದಿತ್ತು. ಆದರೆ ಹುಟ್ಟಿದಂದಿನಿಂದ ಪಂಜರವನ್ನೇ ಕಂಡ ನಾಯಿಗೆ ಎರಡು ವರ್ಷವೆಂದರೆ ಅದರ ಬಾಳಿನ ನಾಲ್ಕನೆಯ ಒಂದು ಭಾಗ. ನಮ್ಮ ಆಯುಸ್ಸಿಗೆ ಹೋಲಿಸಿದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಸಮಾನ.

ಮನೆಯನ್ನು ಹುಡುಕುವುದು

ನಾಯಿ ಸ್ವಲ್ಪ ಚೇತರಿಸಿಕೊಂಡ ಮೇಲೆ ಪೋಷಕನು ಅದರ ಗುಣಾವಗುಣಗಳನ್ನು ಮರೆಮಾಚದೆ ಬರೆದು ಕೊಡಬೇಕು: ಮಕ್ಕಳನ್ನು ಕಂಡರೆ ಹೇಗೆ, ಬೆಕ್ಕನ್ನು ಕಂಡರೆ ಹೇಗೆ, ಒಂಟಿಯಾಗಿ ಬಿಟ್ಟರೆ ಏನು ಮಾಡುವುದು, ಮೋಟಾರಿನಲ್ಲಿ ವಾಂತಿಯಾಗುವುದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೆಲವು ಸಂಗತಿಗಳನ್ನು ಮುಚ್ಚಿಡುವವರುಂಟಲ್ಲ, ಆ ಜಾಣತನ ಇಲ್ಲಿ ನಡೆಯದು. ಮುಚ್ಚಿಟ್ಟರೆ ನಾಯಿ ಮರಳಿ ಬರುವುದು, ಒಂದೊಂದು ಸಲ ಮರಳಿದಾಗಲೂ ಅದರ ಭಯ ಹೆಚ್ಚುವುದು.

ಬೇಡುವವರ ಮನೆಗೆ ಸಂಘದವರು ಹೋಗಿ ನೋಡುತ್ತಾರೆ. ಬೇಲಿ ಎಷ್ಟು ಎತ್ತರ? ಹಗಲಿನಲ್ಲಿ ಯಾರಿರುತ್ತಾರೆ? ನಾಯಿ ಕುಂಟಾದರೆ ನಲವತ್ತು ಕಿಲೋವನ್ನು ಎತ್ತಿ ಕಾರಿಗೆ ಹಾಕಬಲ್ಲವರು ಯಾರು? ತೀರ ಭಯಸ್ಥ ನಾಯಿಯಾದರೆ ಇನ್ನೊಂದು ನಾಯಿಯಿರುವ ಮನೆಗೇ ಕೊಡುತ್ತಾರೆ. ಸೆಕೆಯ ವಿಚಾರವೂ ಮುಖ್ಯ. ಇದರದು ಎರಡು ಪದರದ ತುಪ್ಪಳು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲವಿಲ್ಲದೆ, ನಾಲಗೆಯ ಮೇಲಿನ ತೇವ ಆರಿಯೇ ಮೈ ತಣಿಯಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದೂ ಆರದು. ನಮ್ಮ ಬೆಂಗಳೂರಿನಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಹಿಮದ ನಾಡಿನ ನಾಯಿಗಳನ್ನು ಷೋಕಿಗಾಗಿ ಕೊಂಡು, ಸಾಕಲಾರದೆ ಬಿಟ್ಟುಬಿಡುವ ಚಾಳಿ ಹುಟ್ಟಿಕೊಂಡಿದೆ. 1991ರಲ್ಲಿ ಅಲ್ಲಿ ಸ್ಥಾಪಿತವಾದ ‘ಕ್ಯೂಪಾ’ ಮೊದಲಾದ ಸಂಸ್ಥೆಗಳು ಅಂಥ ನಾಯಿಗಳಿಗೂ ಮನೆ ಹುಡುಕಬೇಕಾಗಿ ಬಂದಿದೆ. ಕರಾವಳಿಯ ಚೈತ್ರ ವೈಶಾಖದಲ್ಲಿ ಬರ್ನೀಸ್ ನಾಯಿಯನ್ನು ಇಟ್ಟುಕೊಳ್ಳುವುದಂತೂ ಕಂಬಳಿ ಹೊದಿಸಿ ಒಲೆಯ ಮುಂದೆ ಕೂರಿಸಿದ ಹಾಗೆ.

ಒಪ್ಪಂದದ ಕಾಗದದಲ್ಲಿ ಒಂದು ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ: ಮುಂದೆ ಯಾವ ಕಾರಣಕ್ಕಾಗಿ ಸಾಕಲಾಗದಿದ್ದರೂ ನಾಯಿಯನ್ನು ಬೇರೆಯವರಿಗೆ ಕೊಡದೆ ಸಂಘಕ್ಕೇ ಒಪ್ಪಿಸತಕ್ಕದ್ದು. ಹೊಸ ಮನೆಯವರಿಗೆ ಹೇಳುವ ಸ್ಥೂಲವಾದ ಸೂತ್ರವೂ ಒಂದುಂಟು: ಮೂರು ದಿನ ಗಾಬರಿ, ಮೂರು ವಾರದಲ್ಲಿ ಮನೆಯ ಕ್ರಮದ ಪರಿಚಯ, ಮೂರು ತಿಂಗಳಲ್ಲಿ ‘ಇದು ನನ್ನ ಮನೆ’ ಎಂಬ ಭಾವ. ಇದು ಪ್ರಯೋಗದಿಂದ ಸಿದ್ಧವಾದ ನಿಯಮವಲ್ಲ, ರೂಢಿಯ ಮಾತು; ಪಂಜರದ ನಾಯಿಗೆ ಮೂರು ತಿಂಗಳು ಏತಕ್ಕೂ ಸಾಲದು.

ನಾಯಿಯನ್ನು ಒಪ್ಪಿಸುವ ದಿನ ಪೋಷಕನಿಗೆ ಸುಲಭದ ದಿನವಲ್ಲ. ಕೆಲವರು ಕೊನೆಯ ಗಳಿಗೆಯಲ್ಲಿ ಕೊಡಲಾರೆವೆಂದು ತಾವೇ ಇಟ್ಟುಕೊಳ್ಳುತ್ತಾರೆ. ಇಂಥವರನ್ನು ಆ ವಲಯದಲ್ಲಿ ನಗೆಯಾಡುತ್ತ ‘ಸೋತ ಪೋಷಕರು’ ಎನ್ನುವುದು ವಾಡಿಕೆ. ಸೋಲು ಸಿಹಿಯಾದದ್ದೇ, ಆದರೆ ಹಾಗೆ ಸೋತ ಮನೆಯಲ್ಲಿ ಮುಂದಿನ ನಾಯಿಗೆ ಎಡೆ ತುಂಬಿಹೋಯಿತಲ್ಲ ಎಂಬ ಚಿಂತೆ ಸಂಘದವರದು. ವಯಸ್ಸಾದ, ಏಡಿಗಂತಿ ಹಿಡಿದ ನಾಯಿಗಳಿಗೆ ಹೊಸ ಮನೆಯನ್ನೇ ಹುಡುಕದೆ, ಕೊನೆಯವರೆಗೂ ಪೋಷಕರಲ್ಲಿಯೇ ಬಿಡುವುದುಂಟು. ಆಗ ಔಷಧದ ಲೆಕ್ಕವು ಸಂಘಕ್ಕೂ, ರಾತ್ರಿ ಎದ್ದು ನೀರು ಕುಡಿಸುವ ಕೆಲಸವು ಪೋಷಕರಿಗೂ ಸೇರಿದುದಾಗಿರುತ್ತದೆ.